ಅಬೀದಾಳ ಹೊಲದ ಸೋಲಾರ್ ಪಂಪು

ಕಲಘಟಗಿಯಾಚೆ ಕಾಡಂಚಿನ ಸಿದ್ದಿ ಕೇರಿಗೆ ಕರೆಂಟಿನ ಕಂಬಗಳು ಬಂದಿದ್ದವು. ತಂತಿ ಬರುವುದೊಂದು ಬಾಕಿ. ಹಾಗಾಗಿ ಹುಬ್ಬಳ್ಳಿಯ ಸಂಸ್ಥೆಯೊಂದು ಅಬೀದಾಳ ಹೊಲದಲ್ಲಿ ಸೋಲಾರ್ ಪಂಪು ಕೂರಿಸಿದಾಗ ಅವಳಿಗೆ ಖುಷಿಯೋ ಖುಷಿ. ಹಳ್ಳದಿಂದ ಕೊಡ ಹೊತ್ತು ಮೆಣಸಿನ ಸಸಿ ಉಳಿಸಿಕೊಂಡಿದ್ದವಳು, ಪೈಪಿನಲ್ಲಿ ನೀರು ಉಕ್ಕಿದ್ದು ಕಂಡು ಗಳಗಳನೆ ಅತ್ತುಬಿಟ್ಟಳು. ಆ ಅಳುವಿನ ಫೋಟೋ ಬಹಳ ಚೆನ್ನಾಗಿ ಬಂತು. ಕಷ್ಟ ಶುರುವಾದದ್ದೇ ಅಲ್ಲಿಂದ.

ಸಂಸ್ಥೆಯ ಮುಖ್ಯಸ್ಥ ರಾಜಶೇಖರರು ಫೋಟೋವನ್ನು ಊರಿಗೆಲ್ಲ ತೋರಿಸಿದರು. ಜೀಪುಗಳು ಬರತೊಡಗಿದವು. ದಾನಿಗಳು, ಅಧ್ಯಯನ ಮಾಡುವವರು, ಏನೂ ಮಾಡದವರು. ಬಂದವರಿಗೆಲ್ಲ ನೀರು ಚಿಮ್ಮುವುದನ್ನು ನೋಡಬೇಕು. ಗಿಡಕ್ಕೆ ನೀರು ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಗಿಡಗಳೇನು ವರದಿ ಬರೆಯುತ್ತವೆಯೇ? ಒಂದಷ್ಟು ಸಸಿ ಕೊಳೆತೇ ಹೋದವು.

"ಅವತ್ತಿನಂಗ ಇನ್ನೊಮ್ಮೆ ಅಳ್ತೀರೇನವ್ವಾ?" ಎಂದು ಒಬ್ಬರು ಬಹಳ ಮರ್ಯಾದೆಯಿಂದ ಕೇಳಿದರು.

"ಇವತ್ತ ಅಳು ಬರವಲ್ದ್ರಿ," ಎಂದಳು ಅಬೀದಾ.

ಗಂಡ ಖಾದರಬಾಷಾ ರೇಗಿದ. "ಬರಬ್ಯಾಡ್ರಿ ಅಂತ ಹೇಳಿಬಿಡು."

"ಬರ್ಲಿ ತಗೋರಿ. ಕೈ ಕಾಲು ಗಟ್ಟಿ ಅದಾವು ಅವರಿಗೆ."

ಮುಂದಿನ ಜೀಪಿನಲ್ಲಿ ರಾಜಶೇಖರರ ಜೊತೆ ದಾಕ್ಷಾಯಿಣಿ ಎಂಬ ದಾನಿ ಬಂದರು. "ನಮಗೂ ರೈತರ ಬದುಕಿನ ಅನುಭವ ಆಗಬೇಕ್ರಿ," ಎಂದರು. ಅವರ ಕೈಗೆ ಅಬೀದಾ ಕಳೆ ಕೀಳುವ ಕುರ್ಪಿ ಕೊಟ್ಟಳು. "ಮದ್ಲ ಕಸಾ ತಗೀರಿ. ಆಮ್ಯಾಲ ಪಂಪ್ ಹಚ್ಚತೇನಿ."

ರಾಜಶೇಖರರು ಕುರ್ಪಿ ಇಸಿದುಕೊಳ್ಳಲು ಧಾವಿಸಿದರು. ದಾಕ್ಷಾಯಿಣಿಯವರು ಮಾತ್ರ ಮಣ್ಣಿನ ಸ್ಪರ್ಶಕ್ಕೆ ಪುಳಕಗೊಂಡು, ಕಸದ ಜೊತೆ ಒಂದೆರಡು ಮೆಣಸಿನ ಗಿಡವನ್ನೂ ಕಿತ್ತು, ಅಂಗೈಯಲ್ಲೆದ್ದ ಬೊಬ್ಬೆಯನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿದರು.

ಸುದ್ದಿ ಹಬ್ಬಿತು. ಜನ ಹೊಸ ಗಂಬೂಟು ಕೊಂಡು, ಟೋಪಿ ಹಾಕಿಕೊಂಡು ಬಂದರು. ಗೊಬ್ಬರ ಹೊತ್ತರು, ಬದು ಕಟ್ಟಿದರು. ಸಂಸ್ಥೆ ಇದಕ್ಕೆ 'ಸಮುದಾಯದ ಸಹಭಾಗಿತ್ವ' ಎಂದು ಹೆಸರಿಟ್ಟಿತು. ಯಾವ ಸಮುದಾಯ ಎಂದು ಬರೆಯಲಿಲ್ಲ. ಹೊಲದಲ್ಲಿ ಕೆಲಸ ಮುಗಿದ ಮೇಲೆ ಅಬೀದಾ ಬಂದವರಿಂದಲೇ ಕೆಳಗಿನ ಹೊಲಗಳವರೆಗೆ ಕಾಲುವೆ ತೋಡಿಸಿದಳು.

ಕಾಲುವೆ ನೋಡಿ ರಾಜಶೇಖರರು ತಬ್ಬಿಬ್ಬಾದರು. "ಇದು ನಮ್ಮ ಯೋಜನ್ಯಾಗ ಇದ್ದಿಲ್ಲಲ್ಲವ್ವಾ?"

"ಈಗ ಐತಿ, ಬರಕೋರಿ ಸಾಹೇಬ್ರ," ಎಂದು ಅಬೀದಾ ಪಂಪ್ ಹಚ್ಚಿದಳು. ನೀರು ನೆರೆಯವರ ಬದನೆ ಸಾಲಿನತ್ತ ಹರಿಯಿತು.