ಅಲಾಸ್ಕಾದ ಹೊಗೆಯೂ ಬೆಳ್ಳಿಯಮ್ಮನ ಗಂಟುಗಳೂ

ಅರವತ್ತೊಂದನೆಯ ವಯಸ್ಸಿನಲ್ಲಿ ಬೆಳ್ಳಿಯಮ್ಮನವರಿಗೆ ಇದ್ದದ್ದು ಒಂದೇ ಹಂಬಲ. ಕೊಯಮತ್ತೂರಿನ ಹತ್ತಿರ, ಕನ್ನಡ ಮಾತಾಡುವ ನೇಕಾರರೂ ಇರುವ ಸೋಮನೂರಿನ ರಂಗಸಾಮಿಯವರ ಬಟ್ಟೆ ಗೋಡೌನಿನಲ್ಲಿ ಮತ್ತೆ ಚೆಕ್ಕಿಂಗ್ ಮೇಜಿನ ಮುಂದೆ ಕೂರಬೇಕು. ಕೆಳಗಿನಿಂದ ಟ್ಯೂಬ್‌ಲೈಟ್ ಉರಿಯುವ ಆ ಗಾಜಿನ ಮೇಜಿನ ಮೇಲೆ ಬಟ್ಟೆ ಎಳೆದೆಳೆದು ನೇಯ್ಗೆಯ ತಪ್ಪು ಹಿಡಿಯುವುದು ಅವರ ಮೂವತ್ತು ವರ್ಷದ ಕೆಲಸ. 2005ರ ಪೊಂಗಲ್ ಮುಗಿದ ಮೇಲೆ ಒಂದು ದಿನ ಕನ್ನಡಕ ಹಾಕಿಕೊಂಡು ಹೋದದ್ದೇ ತಪ್ಪಾಯಿತು. ರಂಗಸಾಮಿಯವರು, "ಅಕ್ಕಾ, ಕಣ್ಣು ಹೋಯ್ತು, ಇನ್ನು ಮಡಿಸೋ ಕಡೆ ಕೂತ್ಕೊಳ್ಳಿ" ಎಂದುಬಿಟ್ಟರು. ಅಂದಿನಿಂದ ನಮ್ಮ ಮನೆಯ ಪಾತ್ರೆಗಳಿಗೆ ಸುಖವಿಲ್ಲ. "ಕಣ್ಣಾಡಿ ಹಾಕಾದು ನೋಡಾಕೆ, ಮುಚ್ಚಾಕೆ ಅಲ್ಲ!" ಎಂದು ಬೈಯುತ್ತ ಅವನ್ನು ಕುಕ್ಕುತ್ತಿದ್ದರು.

ನಮ್ಮ ಮನೆ ಎಂದೆನಲ್ಲ, ನಾನು ಬೆಳ್ಳಿಯಮ್ಮನವರಲ್ಲಿ ಬಾಡಿಗೆಗಿದ್ದವಳು. ಊರು ದಾವಣಗೆರೆ, ಹೆಸರು ಧನಶ್ರೀ, ಓದು ಕೊಯಮತ್ತೂರಿನ ಕಾಲೇಜಿನಲ್ಲಿ. ಹಿಂದಿನ ವರ್ಷ ಅಲಾಸ್ಕಾದ ಕಾಡುಗಳು ಹೊತ್ತಿ ಉರಿದಾಗ ಎದ್ದ ಹೊಗೆ ಇಡೀ ಉತ್ತರ ಅಮೆರಿಕವನ್ನು ಹೇಗೆ ದಾಟಿತು ಎಂಬುದನ್ನು ಉಪಗ್ರಹದ ಚಿತ್ರಗಳಲ್ಲಿ ಹುಡುಕುವುದು ನನ್ನ ಪಾಲಿಗೆ ಬಂದ ಕೆಲಸ. ಒಂಬತ್ತು ದಿನ, ಒಂಬತ್ತು ಹಾಳೆ. ನಾಲ್ಕನೆಯ ದಿನದಿಂದ ಹೊಗೆ ಮೋಡದೊಳಗೆ ನುಗ್ಗಿ ನನ್ನ ಕಣ್ಣಿಗೆ ಮಣ್ಣೆರಚಿತ್ತು.

ಒಂದು ಭಾನುವಾರ ಬೆಳ್ಳಿಯಮ್ಮ ನನ್ನ ಹಾಳೆಗಳಲ್ಲಿ ಒಂದನ್ನು ಕಿಟಕಿಯ ಬಿಸಿಲಿಗೆ ಹಿಡಿದರು.

"ಇದೇನು ಅಮ್ಮಿಣಿ, ಯಾವ ಮಗ್ಗದ ಬಟ್ಟೆ?" ಅಮ್ಮಿಣಿ ಎಂದರೆ ಆ ಕಡೆ ಹುಡುಗಿಯರನ್ನು ಮುದ್ದಿನಿಂದ ಕರೆಯುವ ಮಾತು.

"ಬಟ್ಟೆಯಲ್ಲಮ್ಮ, ಆಕಾಶ. ಈ ಬಿಳಿಯಲ್ಲಿ ಯಾವುದು ಮೋಡ, ಯಾವುದು ಹೊಗೆ ಅಂತ ಗೊತ್ತಾಗ್ತಿಲ್ಲ."

"ಇದರಲ್ಲಿ ಗೊತ್ತಾಗದೆ ಇರಾಕೆ ಏನೈತೆ? ಇದು ಗಟ್ಟಿ ನೇಯ್ಗೆ, ಮೋಡ. ಇಲ್ಲಿ ನೂಲು ತೆಳ್ಳಗಾಗಿ ಕೆಳಗಿನ ನೆಲ ಕಾಣ್ತೈತೆ ನೋಡು. ಇದೇ ನಿನ್ನ ಹೊಗೆ."

ನನಗೇನೂ ಕಾಣಲಿಲ್ಲ. ಸುಮ್ಮನೆ ನಕ್ಕು ಪೇಟೆಗೆ ಹೋದೆ.

ಸಂಜೆ ಬಂದು ನೋಡಿದರೆ, ಒಂಬತ್ತೂ ಹಾಳೆಗಳ ಅಂಚಿನಲ್ಲಿ ಅಲ್ಲಲ್ಲಿ ಸೂಜಿಯಿಂದ ತೂತು ಮಾಡಿ ಕೆಂಪು ದಾರದ ತುಂಡುಗಳನ್ನು ಪೋಣಿಸಿದ್ದರು! ಒಂದೊಂದು ದಾರದ ತುದಿಗೆ ಒಂದೋ, ಎರಡೋ, ಮೂರೋ ಗಂಟು. ಚಿತ್ರದೊಳಗೆ ಒಂದೇ ಒಂದು ಗುರುತಿಲ್ಲ. ಮರುದಿನವೇ ಹಾಳೆಗಳನ್ನು ನನ್ನ ಗೈಡ್ ದೀನದಯಾಳನ್ ಅವರ ಮುಂದಿಡಬೇಕಿತ್ತು. "ನಿಮಗೆ ಕಣ್ಣು ಕಾಣಲ್ಲ ಅಂದ್ರೆ ಸುಮ್ಮನಿರಬೇಕಿತ್ತು!" ಎಂದು ಕೂಗಿಬಿಟ್ಟೆ. ಬೆಳ್ಳಿಯಮ್ಮ ಸೂಜಿದಾರ ಎತ್ತಿಟ್ಟು ಒಳಗೆ ಹೋದರು. ಆ ರಾತ್ರಿ ಪಾತ್ರೆಗಳನ್ನು ಕುಕ್ಕಲಿಲ್ಲ. ಆ ಮಾತು ನನ್ನ ಬಾಯಿಂದ ಬಂತಲ್ಲ ಎಂದು ಇವತ್ತಿಗೂ ನಾಚಿಕೆಯಾಗುತ್ತದೆ.

ಬೆಳಿಗ್ಗೆ ಕಾಲೇಜಿನಲ್ಲಿ, ಮನೆಯೊಡತಿಯ ಅವಾಂತರ ಎಂದು ಹಾಳೆಗಳನ್ನು ತೋರಿಸಿದೆ. ದೀನದಯಾಳನ್ ತಿರುಪ್ಪೂರಿನವರು, ಅವರ ತಾಯಿ ಬನಿಯನ್ ಕಂಪನಿಯಲ್ಲಿ ಚೆಕ್ಕಿಂಗ್ ಮಾಡಿದವರು. ದಾರ ನೋಡಿದ್ದೇ ಅವರ ಮುಖ ಅರಳಿತು. "ಚೆಕ್ಕಿಂಗಿನವರು ಮಾಲಿನ ಮೇಲೆ ಎಲ್ಲಾದರೂ ಗುರುತು ಹಾಕುತ್ತಾರೇನಮ್ಮ? ತಪ್ಪಿರುವ ಸಾಲಿಗೆ ನೇರವಾಗಿ ಅಂಚಿನಲ್ಲಿ ಹಾಕುತ್ತಾರೆ. ಗಂಟು ಯಾಕೆ ಅಂತ ಕೇಳು" ಎಂದರು.

ಗೋಡೌನಿಗೆ ಫೋನ್ ಮಾಡಿದೆ. ಎತ್ತಿದವರು ರಂಗಸಾಮಿ. ಬೆಳ್ಳಿಯಮ್ಮನನ್ನು ಕರೆದು, ಪಕ್ಕದಲ್ಲೇ ನಿಂತರೆಂದು ಕಾಣುತ್ತದೆ.

"ಒಂದು ಗಂಟು ಅಂದ್ರೆ ತಪ್ಪು ಅಂಚಿನ ಹತ್ರ. ಎರಡು ನಡುವೆ. ಮೂರು ಆ ಕಡೆ. ಊರಿಗೆಲ್ಲ ಗೊತ್ತಿರಾದು ನಿನಗೆ ಗೊತ್ತಿಲ್ವಾ?" ಎಂದರು ಬೆಳ್ಳಿಯಮ್ಮ. ಸಿಟ್ಟು ಇಳಿದಿರಲಿಲ್ಲ.

ಅವರ ಲೆಕ್ಕದ ತಪ್ಪು ಎಂದರೆ ನೂಲು ತೆಳ್ಳಗಾದ ಜಾಗ, ಅಂದರೆ ನನ್ನ ಹೊಗೆ; ಆ ಗುರುತುಗಳನ್ನು ಒಂದು ಭೂಪಟಕ್ಕೆ ಇಳಿಸಿದೆವು. ಕಾಡು ಉರಿದಾಗ ಹೊಗೆಯ ಜೊತೆ ಕಾರ್ಬನ್ ಮಾನಾಕ್ಸೈಡೂ ಹೊರಡುತ್ತದೆ. ಅದೇ ದಿನಗಳಲ್ಲಿ ಇನ್ನೊಂದು ಉಪಗ್ರಹ ಆ ಅನಿಲವನ್ನು ಅಳೆದಿತ್ತು. ದೀನದಯಾಳನ್ ಆ ಲೆಕ್ಕವನ್ನು ನಮ್ಮ ಭೂಪಟದ ಪಕ್ಕದಲ್ಲಿಟ್ಟು ಹೋಲಿಸಿದರು. ಒಂದೊಂದೇ ದಿನ ಹೊಂದಿಕೊಳ್ಳುತ್ತ ಬಂತು. ಮೋಡದೊಳಗೆ ಕಳೆದುಹೋದ ಹೊಗೆ ಕೆನಡಾ ದಾಟಿ ದಕ್ಷಿಣಕ್ಕೆ ಇಳಿದಿತ್ತು. ನನ್ನ ನೋಟ್‌ಬುಕ್ಕಿನಲ್ಲಿ ನಾನು ಪೂರ್ವಕ್ಕೆ ಗೆರೆ ಎಳೆದು ಕೂತಿದ್ದೆ! ಐದನೆಯ ಹಾಳೆಯ ಒಂದು ದಾರಕ್ಕೆ ಮಾತ್ರ ನಾಲ್ಕು ಗಂಟುಗಳಿದ್ದವು. ಈ ಸಲ ದೀನದಯಾಳನ್ ಅವರೇ ಗೋಡೌನಿಗೆ ಫೋನ್ ಮಾಡಿ ಬೆಳ್ಳಿಯಮ್ಮನನ್ನು ತಮಿಳಿನಲ್ಲಿ ಕೇಳಿದರು. ಕೇಳುತ್ತ ಕೇಳುತ್ತ ಹೊಟ್ಟೆ ಹಿಡಿದು ನಗತೊಡಗಿದರು.

"ನಾಲ್ಕು ಗಂಟು ಅಂದ್ರೆ ನೇಯ್ಗೆ ತಪ್ಪಲ್ಲವಂತೆ, ಮಸಿ ಕಲೆ. ನಮ್ಮ ಪ್ರಿಂಟರ್ ಒರೆಸಬೇಕಂತೆ."

ಆ ಕಲೆಯನ್ನೇ ಹೊಗೆ ಎಂದುಕೊಂಡು ನಾನು ಪೂರ್ವಕ್ಕೆ ಗೆರೆ ಎಳೆದಿದ್ದೆ. ನನಗೂ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ದೀನದಯಾಳನ್ ಅವರ ಫೋನಿನಲ್ಲಿ ರಂಗಸಾಮಿಯ ಧ್ವನಿ ಕೇಳಿತು, "ಏನು ಸಾರ್ ವಿಷಯ?" ದೀನದಯಾಳನ್ ಎಲ್ಲವನ್ನೂ ವಿವರವಾಗಿ, ಒಂದಕ್ಕೆ ಎರಡು ಸೇರಿಸಿಯೇ ಹೇಳಿದರು.

ಸಂಜೆ ಬಸ್ಸಿಳಿದವಳೇ ಕ್ಷಮೆ ಕೇಳಲು ನೇರವಾಗಿ ಗೋಡೌನಿಗೆ ಓಡಿದೆ. ಮಡಿಸುವವರ ಸಾಲಿನಲ್ಲಿ ಬೆಳ್ಳಿಯಮ್ಮ ಇರಲಿಲ್ಲ.

"ನಾನು ಕೂತ್ಕೊಳ್ಳಿ ಅನ್ನಾಕೆ ಮೊದಲೇ ಹೋಗಿ ಕೂತುಬಿಟ್ರು" ಎಂದರು ರಂಗಸಾಮಿ. ಚೆಕ್ಕಿಂಗ್ ಮೇಜಿನ ಮುಂದೆ ಬೆಳ್ಳಿಯಮ್ಮ ಕೂತಿದ್ದರು, ಆಚೆ ತುದಿಯಲ್ಲಿ ಯಜಮಾನರೇ ಬಟ್ಟೆ ಹಿಡಿದು ನಿಂತಿದ್ದರು.

"ಅಮ್ಮಾ, ನಿನ್ನೆ ನಾನು ಅಂದದ್ದು ತಪ್ಪು" ಎಂದೆ.

"ಅದು ಮನೇಲಿ ಹೇಳು ಅಮ್ಮಿಣಿ, ಈಗ ಕೆಲಸ ಐತೆ." ಬೆಳ್ಳಿಯಮ್ಮ ಗಾಜಿನಿಂದ ತಲೆ ಎತ್ತದೆ ಯಜಮಾನರಿಗೂ ಒಂದು ಮಾತು ಹಾಕಿದರು. "ರಂಗಸಾಮೀ, ಸರಿಯಾಗಿ ಎಳಿ!"

ರಂಗಸಾಮಿ ಎರಡೂ ಕೈಯಿಂದ ಎಳೆದರು.