ಸರ್ವಾನುಮತ ಬಿಟ್ಟ ಕಥೆ

ಹೋದ ವಾರ ಹಲ್ಲು ತೋರಿಸಲು ಹೋಗಿದ್ದೆ. ನಮ್ಮ ಕಲ್ಯಾಣ ನಗರದ ಹಲ್ಲಿನ ಡಾಕ್ಟರಿಗೆ ರಾಜಕೀಯದಲ್ಲಿ ಬಹಳ ಆಸಕ್ತಿ. ರೋಗಿಯ ಬಾಯಿಯನ್ನು ಪೂರ್ತಿ ತೆರೆಸಿ, ಒಳಗೆ ಹತ್ತಿ ತುಂಬಿದ ಮೇಲೆಯೇ ಅವರು ತಮ್ಮ ಅಭಿಪ್ರಾಯಗಳನ್ನು ಶುರುಮಾಡುತ್ತಾರೆ. ಅಷ್ಟು ನೆಮ್ಮದಿಯಾಗಿ ವಾದ ಗೆಲ್ಲುವವರನ್ನು ನಾನು ಬೇರೆ ಕಂಡಿಲ್ಲ. ಅವತ್ತೂ ಒಂದು ಸರ್ಕಾರವನ್ನು ಬೀಳಿಸಿ ಇನ್ನೊಂದನ್ನು ಕೂರಿಸುವ ನಡುವೆ ನನ್ನ ದವಡೆಗೆ ಲವಂಗದ ಎಣ್ಣೆ ಹಚ್ಚಿದರು. ಆ ವಾಸನೆ ಮೂಗಿಗೆ ಏರಿದ್ದೇ ತಡ, ಡಾಕ್ಟರೂ ಸರ್ಕಾರವೂ ಮಾಯವಾಗಿ, ನಾನು ಕುಕ್ ಟೌನಿನ ಒಂದು ವರಾಂಡದಲ್ಲಿ ಇಪ್ಪತ್ತಮೂರು ವರ್ಷದವಳಾಗಿ ಕೂತಿದ್ದೆ.

ಆ ವರಾಂಡ ಹೆಸ್ಕೇಲ್ ಸಾಹೇಬರದು. ಯಹೂದಿಗಳು. ಅವರ ತಾತ ಬಾಗ್ದಾದಿನಿಂದ ಮುಂಬಯಿಗೆ, ಮುಂಬಯಿಯಿಂದ ನಮ್ಮ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಬಂದವರಂತೆ. ಈಗ ಶಿವಾಜಿನಗರ ಎನ್ನುವ, ಆಗ ಬ್ಲ್ಯಾಕ್‌ಪಲ್ಲಿ ಎನ್ನುತ್ತಿದ್ದ ಕಡೆ ಅವರಿಗೆ ಗುಂಡಿ, ಲೇಸು, ದಾರದ ಅಂಗಡಿ ಇತ್ತು. ಮನೆಯಲ್ಲಿ ಅರಬ್ಬಿ, ಅಡುಗೆಯವಳ ಹತ್ತಿರ ತಮಿಳು, ಅಂಗಡಿಯಲ್ಲಿ ದಖ್ಖನಿ ಉರ್ದು, ನಮ್ಮಂಥವರು ಬಂದರೆ ಗುಂಡಿ ಮಾರುವಷ್ಟು ಕನ್ನಡ. ನಾನು ಹಲಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿದ್ದೆ; ಜೊತೆಗೆ ಅಲ್ಲಿನ ಮಹಿಳಾ ಸಮಾಜದ ಕಾರ್ಯದರ್ಶಿ. ಸಮಾಜದ ಹೊಲಿಗೆ ತರಗತಿಗೆ ದಾರ ಕೊಳ್ಳಲು ಹೋದಾಗಲೇ ಸಾಹೇಬರು ಕೇಳಿದ್ದು, ತಮ್ಮ ಮನೆಯ ಹಿಂದಿನ ಕೋಣೆಯಲ್ಲಿರುವ ಗೆಳೆಯನಿಗೆ ಕನ್ನಡ ಹೇಳಿಕೊಡುತ್ತೀರಾ ಎಂದು.

ಆ ಗೆಳೆಯ ಯಾಕೋಬ್. ವಿಯೆನ್ನಾದಲ್ಲಿ ಗಡಿಯಾರದ ಅಂಗಡಿ ಇಟ್ಟಿದ್ದವರು, ಯಹೂದಿಯೆಂಬ ಕಾರಣಕ್ಕೆ ಊರು ಬಿಡಬೇಕಾಗಿ ಬಂದು ಹಡಗು ಹತ್ತಿದವರು. ಇಲ್ಲಿಗೆ ಬಂದರೆ, ಜರ್ಮನ್ ಮಾತಾಡುವವರೆಂದು ವಾರವಾರ ಪೊಲೀಸ್ ಠಾಣೆಗೆ ಹೋಗಿ ಸಹಿ ಹಾಕಬೇಕಾಗಿತ್ತು. ದಂಡಿನಲ್ಲಿ ಇಂಗ್ಲಿಷು, ತಮಿಳು, ಉರ್ದುವಿನಲ್ಲೇ ಜೀವನ ಸಾಗುವಾಗ ಅರವತ್ತರ ಹತ್ತಿರದ ಮನುಷ್ಯನಿಗೆ ಕನ್ನಡ ಯಾಕೆ ಬೇಕು ಎಂದು ನನಗೆ ಆಶ್ಚರ್ಯ. ಕೇಳಿದ್ದಕ್ಕೆ, ನೆಲದ ಭಾಷೆ ಕಲಿಯದೆ ಇರುವುದೆಂದರೆ ಮನೆಯವರನ್ನು ಮಾತಾಡಿಸದೆ ಅವರ ಅನ್ನ ಉಂಡ ಹಾಗೆ ಎಂದರು. ನಮ್ಮಪ್ಪ ಈ ಮಾತಿಗೆ ಸೋತು ಒಪ್ಪಿಗೆ ಕೊಟ್ಟರು. ಸಾಹೇಬರ ಹೆಂಡತಿ ರಾಹೆಲಮ್ಮ ಪಾಠದುದ್ದಕ್ಕೂ ಜೊತೆಗಿರಬೇಕು ಎಂಬ ಷರತ್ತಿನ ಮೇಲೆ.

ಪಾಠ ಶನಿವಾರ ಸಂಜೆ. ಶನಿವಾರ ಅವರಿಗೆ ವಿಶ್ರಾಂತಿಯ ದಿನ, ಪೆನ್ನು ಮುಟ್ಟುವ ಹಾಗಿಲ್ಲ. ಕತ್ತಲಿಳಿದು ನಕ್ಷತ್ರ ಕಂಡ ಮೇಲೆ ದೀಪ ಹಚ್ಚಿ, ಒಂದು ಬೆಳ್ಳಿ ಡಬ್ಬಿಯಲ್ಲಿದ್ದ ಲವಂಗವನ್ನು ಎಲ್ಲರೂ ಮೂಸಿ ವಾರವನ್ನು ಮತ್ತೆ ಶುರುಮಾಡುತ್ತಿದ್ದರು. ಆಮೇಲೆ ನನ್ನ ಅಆಇಈ. ಮೊದಲ ದಿನ ಇದು ಗೊತ್ತಿಲ್ಲದೆ ಬಿಸಿಲಿರುವಾಗಲೇ ಹೋಗಿಬಿಟ್ಟೆ. ಗೇಟಿನ ಹತ್ತಿರವೇ ಒಳಗಿನಿಂದ ಇಬ್ಬರು ಗಂಡಸರ ಕೂಗಾಟ ಕೇಳಿಸಿತು. ಒಬ್ಬರು ಮೇಜು ಗುದ್ದುತ್ತಿದ್ದರು. ಇನ್ನೊಬ್ಬರು ಅದಕ್ಕಿಂತ ಜೋರಾಗಿ ಗುದ್ದುತ್ತಿದ್ದರು. ಇನ್ನೇನು ತಲೆ ಒಡೆಯುತ್ತದೆ ಎಂದುಕೊಂಡು ನಾನು ಹಿಂದಕ್ಕೆ ತಿರುಗಿದೆ. ರಾಹೆಲಮ್ಮ ಹೊರಗೆ ಬಂದು, ಕೂತ್ಕೊಳ್ಳಮ್ಮಾ, ಓದ್ತಾ ಇದ್ದಾರೆ ಎಂದರು. ಓದುವುದೇ ಎಂದೆ. ಹೌದು, ಸದ್ದು ನಿಂತರೆ ಹೇಳು, ಡಾಕ್ಟರನ್ನು ಕರೆಸುತ್ತೇನೆ ಎಂದು ಬೀಸಣಿಗೆ ಬೀಸಿಕೊಳ್ಳುತ್ತಾ ಕೂತರು.

ಅವರಿಬ್ಬರೂ ಓದುತ್ತಿದ್ದದ್ದು ತಮ್ಮ ಹಳೆಯ ಶಾಸ್ತ್ರದ ಒಂದು ದಪ್ಪ ಪುಸ್ತಕ. ಅದನ್ನು ಒಬ್ಬರೇ ಓದುವ ಪದ್ಧತಿಯಿಲ್ಲವಂತೆ; ಜೋಡಿ ಬೇಕು. ಒಬ್ಬ ಹೇಳಿದ್ದನ್ನು ಇನ್ನೊಬ್ಬ ಅಲ್ಲಗಳೆಯಬೇಕು. ಅವತ್ತಿನ ಜಗಳ ಒಂದು ಬಟ್ಟೆಯದು. ಇಬ್ಬರು ಒಂದೇ ಮೇಲಂಗಿಯ ಎರಡು ತುದಿ ಹಿಡಿದುಕೊಂಡು ಬಂದು, ಪೂರ್ತಿ ನನ್ನದು ಎನ್ನುತ್ತಾರೆ, ಏನು ಮಾಡಬೇಕು? ಇದರ ಮೇಲೆ ಸಾವಿರಾರು ವರ್ಷದಿಂದ ಜನ ಜಗಳವಾಡುತ್ತಾ ಬಂದಿದ್ದಾರೆ, ಇವರು ಮುಂದುವರಿಸುತ್ತಿದ್ದರು. ಹೆಸ್ಕೇಲ್ ಸಾಹೇಬರಿಗೆ ಗುಂಡಿಗಳು ಯಾವ ತುದಿಯಲ್ಲಿದ್ದವು ಎಂಬುದೇ ಮುಖ್ಯ ಪ್ರಶ್ನೆ. ವ್ಯಾಪಾರದ ಬುದ್ಧಿ ಎಲ್ಲಿಗೆ ಹೋಗುತ್ತದೆ ಹೇಳಿ.

ಹೋಗುತ್ತಾ ಬರುತ್ತಾ ಅವರ ಜಗಳಕ್ಕೆ ಒಂದು ನೇಮವಿದೆಯೆಂದು ತಿಳಿಯಿತು. ಎದುರಾಳಿ ಹೇಳಿದ್ದನ್ನು ಮೊದಲು ನೀವು ಹೇಳಬೇಕು, ಸಾಧ್ಯವಾದರೆ ಅವನಿಗಿಂತ ಚೆನ್ನಾಗಿ. ಹೌದು, ನಾನು ಹೇಳಿದ್ದು ಅದೇ ಎಂದು ಅವನು ಒಪ್ಪಿದ ಮೇಲೇ ನಿಮ್ಮ ಸರದಿ. ಸೋತವನ ಮಾತನ್ನೂ ಪುಸ್ತಕದಿಂದ ಹೊಡೆದುಹಾಕುವುದಿಲ್ಲ. ಗೆದ್ದವನ ಪಕ್ಕದಲ್ಲೇ ಇರುತ್ತದೆ, ನಾಳೆ ಯಾರಿಗಾದರೂ ಬೇಕಾದೀತು ಎಂದು. ಒಂದು ಶನಿವಾರ ಸಾಹೇಬರಿಗೆ ವಿಪರೀತ ತಲೆನೋವು. ಯಾಕೋಬರು ಹೇಳಿದ್ದಕ್ಕೆಲ್ಲ ಸರಿ, ಸರಿ ಎಂದುಬಿಟ್ಟರು. ಯಾಕೋಬರು ಪುಸ್ತಕ ಮುಚ್ಚಿ ವರಾಂಡಕ್ಕೆ ಬಂದು ಮುಖ ಊದಿಸಿಕೊಂಡು ಕೂತರು. ಗೆದ್ದಿರಲ್ಲ ಎಂದರೆ, ಯಾರ ಜೊತೆ ಗೆದ್ದೆ ಎಂದು ನನ್ನನ್ನೇ ಕೇಳಿದರು.

ಕನ್ನಡದಲ್ಲೂ ಅವರು ಸುಮ್ಮನೆ ಒಪ್ಪುವವರಲ್ಲ. ನಾಯಿ ಬಂತು, ಬೆಕ್ಕು ಬಂತು, ಸೂರ್ಯ ಮಾತ್ರ ಯಾಕೆ ಬಂದ? ಅವನೇನು ಗಂಡಸೇ? ನಾನು, ಅದು ಹಾಗೇ ಇರೋದು ಎಂದೆ. 'ಹಾಗೇ ಇರೋದು' ಅಂದರೆ ಬಾಗಿಲು ಹಾಕಿಕೊಂಡ ಹಾಗೆ, ಟೀಚರಮ್ಮ ಒಳಗೆ ಉತ್ತರ ಹುಡುಕುತ್ತಿದ್ದಾರೆ ಎಂದು ತಿಳಿಯುತ್ತೇನೆ, ಮುಂದಿನ ವಾರ ಬಾಗಿಲು ತಟ್ಟುತ್ತೇನೆ ಎಂದರು. ತಟ್ಟಿದರು ಕೂಡ.

ಇದನ್ನೆಲ್ಲ ನಾನು ಸೋಜಿಗವೆಂದು ನೋಡಿದೆನೇ ಹೊರತು, ನನಗೂ ಇದಕ್ಕೂ ಸಂಬಂಧವಿದೆಯೆಂದು ತಿಳಿಯಲಿಲ್ಲ. ಯಾಕೆಂದರೆ ನಮ್ಮ ಸಮಾಜದಲ್ಲಿ ಜಗಳವೇ ಇರಲಿಲ್ಲ. ಅಧ್ಯಕ್ಷೆಯವರು ಜರಿಶಾಲು ಹೊದ್ದು ಕೂರುತ್ತಿದ್ದರು, ನಾನು ತೀರ್ಮಾನ ಓದುತ್ತಿದ್ದೆ, ಎಲ್ಲರೂ ಕಾಫಿಗೆ ಏಳುತ್ತಿದ್ದರು. ನಡಾವಳಿ ಪುಸ್ತಕದ ಪ್ರತಿ ಪುಟದ ಕೊನೆಗೂ ನನ್ನ ದುಂಡಕ್ಷರದಲ್ಲಿ 'ಸರ್ವಾನುಮತದಿಂದ' ಎಂದಿರುತ್ತಿತ್ತು. ಆ ಪದದ ಮೇಲೆ ನನಗೆ ಒಡವೆಯ ಮೇಲಿನಷ್ಟು ಮೋಹ.

ನಲವತ್ತೆರಡರ ಕೊನೆ. ಯುದ್ಧ, ಅಕ್ಕಿಗೆ ಪರದಾಟ. ಮಿಲಿಟರಿ ಆಸ್ಪತ್ರೆಗೆ ರೋಗಿಗಳ ಅಂಗಿಯನ್ನು ಕೂಲಿಗೆ ಹೊಲಿದುಕೊಡುತ್ತೀರಾ ಎಂದು ನಮ್ಮ ಸಮಾಜವನ್ನು ಕೇಳಿದರು. ಹೊಲಿಗೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರ ಮನೆಯಲ್ಲಿ ಒಲೆ ಒಪ್ಪೊತ್ತು ಉರಿಯುತ್ತಿದ್ದ ಕಾಲ. ನನಗೆ ಯೋಚನೆ ಮಾಡುವಂಥದ್ದು ಏನೂ ಕಾಣಲಿಲ್ಲ. ಆದರೆ ರತ್ನ ಬೇಡ ಎಂದಳು. ರತ್ನ ನನ್ನ ಬಾಲ್ಯದ ಗೆಳತಿ, ಹೊಲಿಗೆ ಕಲಿಸುತ್ತಿದ್ದವಳು ಅವಳೇ. ಅವಳಣ್ಣ ಚಳವಳಿಯಲ್ಲಿ ಸೆರೆಮನೆ ಸೇರಿ ಮೂರು ತಿಂಗಳಾಗಿತ್ತು.

ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ. ರತ್ನ ಅಣ್ಣನನ್ನು ನೋಡಲು ಸೆರೆಮನೆಗೆ ಹೋಗುವ ದಿನವನ್ನು ವಿಚಾರಿಸಿಕೊಂಡು, ಅದೇ ದಿನ ಸಭೆ ಕರೆದೆ. ನಿರ್ಣಯ ಪಾಸಾಯಿತು. ಸರ್ವಾನುಮತದಿಂದ. ಮಾರನೆಯ ದಿನ ರತ್ನ ಹೊಲಿಗೆ ಕೋಣೆಯ ಬೀಗದ ಕೈಯನ್ನು ನಮ್ಮ ಮನೆಯ ಕಿಟಕಿಯಲ್ಲಿಟ್ಟು, ಮಾತಾಡದೆ ಹೋದಳು.

ಆ ಶನಿವಾರದ ಪಾಠದಲ್ಲಿ ಇದನ್ನು ಯಾಕೋಬರಿಗೆ ಹೇಳಿದೆ, ಸ್ವಲ್ಪ ಹೆಮ್ಮೆಯಿಂದಲೇ. ಅವರು ಮೆಚ್ಚುತ್ತಾರೆ ಎಂದುಕೊಂಡಿದ್ದೆ. ಅವರ ತಂಗಿ ಇನ್ನೂ ವಿಯೆನ್ನಾದಲ್ಲೇ ಇದ್ದಳು. ಕಾಗದ ನಿಂತು ವರ್ಷ ದಾಟಿತ್ತು. ಈ ಯುದ್ಧವನ್ನು ಬೇಗ ಗೆಲ್ಲಬೇಕೆಂದು ಅವರಿಗಿಂತ ಹೆಚ್ಚು ಬಯಸುವವರು ದಂಡಿನಲ್ಲಿ ಯಾರಿದ್ದರು? ಅವರು ಬಳಪ ಕೆಳಗಿಟ್ಟು ಕೇಳಿದರು:

"ನಿಮ್ಮ ಗೆಳತಿ ಏನು ಹೇಳಿದರು?"

"ಹಟ, ಅಷ್ಟೇ."

"ಹಟ ಅಂತ ನೀವು ಹೇಳ್ತೀರಿ. ಅವರು ಏನು ಹೇಳಿದರು?"

ನನಗೆ ಗೊತ್ತಿರಲಿಲ್ಲ. ಬೇಡ ಎಂದಳು, ನಾನು ಅಲ್ಲಿಗೇ ಕಿವಿ ಮುಚ್ಚಿಕೊಂಡಿದ್ದೆ. ಅಣ್ಣನ ಸಿಟ್ಟು ಇರಬೇಕು ಎಂದೆ. ಆಗ ಅವರು, ಸರಿ, ನನಗೂ ನೀವು ಆ ಅಂಗಿ ಹೊಲಿಯಬೇಕು ಅಂತಲೇ ಆಸೆ, ಅದಕ್ಕೇ ಇವತ್ತು ನಾನು ನಿಮ್ಮ ಗೆಳತಿ, ನೀವು ನೀವೇ ಎಂದರು. ತಪ್ಪುತಪ್ಪು ಕನ್ನಡದಲ್ಲಿ, 'ಅವನು ಬಂದಳು' ಎನ್ನುತ್ತಲೇ, ಒಂದು ಗಂಟೆ ರತ್ನಳ ಪರವಾಗಿ ವಾದಿಸಿದರು. ಹೊಟ್ಟೆಪಾಡಿಗೆ ಇವತ್ತು ಇದನ್ನು ಹೊಲಿದವರು ನಾಳೆ ಇನ್ನೇನನ್ನು ಹೊಲಿಯುವುದಿಲ್ಲ? ಬೇಡ ಎನ್ನುವುದನ್ನು ಯಾವತ್ತು ಕಲಿಯುತ್ತೀರಿ?  ರಾಹೆಲಮ್ಮ ಹೆಣಿಗೆ ನಿಲ್ಲಿಸಿದ್ದರು. ಕೊನೆಗೆ ಸೋಲಲಾಗದೆ, ಎಲ್ಲರೂ ಒಪ್ಪಿದ್ದಾರಲ್ಲ, ಸರ್ವಾನುಮತ ಆಗಿದೆಯಲ್ಲ ಎಂದೆ.

ಅವರು ಸ್ಲೇಟನ್ನು ಪಕ್ಕಕ್ಕೆ ಸರಿಸಿದರು.

"ನಮ್ಮ ಬೀದಿಯಲ್ಲೂ ಸರ್ವಾನುಮತ ಇತ್ತು, ಟೀಚರಮ್ಮ. ನಾನು ಊರು ಬಿಡಬೇಕು ಅನ್ನೋದಕ್ಕೆ ಒಬ್ಬರೂ ಬೇಡ ಅನ್ನಲಿಲ್ಲ. ಹಟಮಾರಿ ಒಬ್ಬಳು ಇದ್ದಿದ್ದರೆ ನಾನು ಅವಳ ಹೆಸರು ಇವತ್ತೂ ಹೇಳ್ತಿದ್ದೆ."

ಜಟಕಾದಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅವರ ಮೇಲೆ ಸಿಟ್ಟು. ಮನೆಗೆ ಬಂದ ಮೇಲೆ ಯಾರ ಮೇಲೆ ಎಂದು ಸರಿಯಾಗಿ ತಿಳಿಯಿತು. ಮರುದಿನ ಬೆಳಿಗ್ಗೆ ಬೀಗದ ಕೈ ಹಿಡಿದುಕೊಂಡು ರತ್ನಳ ಮನೆಗೆ ಹೋದೆ. ಅವಳು ರಾಗಿ ಕೇರುತ್ತಿದ್ದಳು, ಏಳಲಿಲ್ಲ. ನೀನು ಹೋಗುವ ದಿನ ನೋಡಿಯೇ ಸಭೆ ಇಟ್ಟೆ ಎಂದೆ. ಗೊತ್ತು ಎಂದಳು. ಮತ್ತೆ ಸಭೆ ಕರೆಯುತ್ತೇನೆ, ನಿನ್ನ ಮಾತನ್ನು ನಾನೇ ಹೇಳುತ್ತೇನೆ, ತಪ್ಪಿದರೆ ತಿದ್ದು ಎಂದಾಗ ಮೊರ ಕೆಳಗಿಟ್ಟಳು.

"ನನ್ನ ಮಾತು ನೀನ್ಯಾಕೆ ಹೇಳ್ಬೇಕು? ನಂಗೆ ಬಾಯಿಲ್ವಾ?"

"ಇದೆ ಕಣೇ. ನಂಗೆ ಕಿವಿ ಇದ್ಯಾ ಅಂತ ನೋಡ್ಕೋಬೇಕು."

ಸಭೆ ನಡೆಯಿತು. ಅಧ್ಯಕ್ಷೆಯವರು, ಮುಗಿದ ವಿಷಯವನ್ನು ಮತ್ತೆ ಯಾಕೆ ಕೆದಕುತ್ತೀರಿ ಎಂದು ಶಾಲು ಸರಿಪಡಿಸಿಕೊಂಡರು. ನಾನು ಎದ್ದು ರತ್ನಳ ಪರವಾಗಿ ಮಾತಾಡಿದೆ. ಅವಳು ಮೂರು ಸಲ ತಡೆದಳು. ಅಣ್ಣನ ವಿಷಯ ಎತ್ತಬೇಡ, ಅವನು ಹೊರಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ ಎಂದಳು. ರೋಗಿಗೆ ಹೊಲಿಯುವುದಕ್ಕೆ ಅವಳ ತಕರಾರಿರಲಿಲ್ಲ. ಆಸ್ಪತ್ರೆ ಅಂಗಿಯ ಹಿಂದೆಯೇ ಸಮವಸ್ತ್ರ ಬರುತ್ತದೆ, ಆಗ ನಾವು ಇಲ್ಲವೆನ್ನಲಾರೆವು ಎಂಬುದು ಅವಳ ಭಯ. ಅದು ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಅವಳು ನನ್ನ ಮಾತು ಹೇಳಿದಳು. ಯಾರ ಮನೆಯಲ್ಲಿ ಎಷ್ಟು ಹೊತ್ತು ಒಲೆ ಉರಿಯುತ್ತದೆ ಎಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಹೇಳಿದ್ದರೆ ಯಾರೂ ಅಳುತ್ತಿರಲಿಲ್ಲ. ಅವಳು ಹೇಳಿದಾಗ ಇಬ್ಬರು ಕಣ್ಣೊರೆಸಿಕೊಂಡರು. ಕೊನೆಗೆ ಆಸ್ಪತ್ರೆ ಅಂಗಿ ಹೊಲಿಯುವುದೆಂದಾಯಿತು, ಸಮವಸ್ತ್ರ ಕೇಳಿದರೆ ಮತ್ತೆ ಸಭೆ ಸೇರಬೇಕು ಎಂದಾಯಿತು. ರತ್ನ ಆಗಲೂ ಕೈಯೆತ್ತಲಿಲ್ಲ. ನಡಾವಳಿ ಪುಸ್ತಕದಲ್ಲಿ ಮೊದಲ ಸಲ ಸರ್ವಾನುಮತ ತಪ್ಪಿತು. ಅವಳ ವಿರೋಧವನ್ನು ಒಂದೂವರೆ ಪುಟ ಬರೆದೆ. ಅವಳು ಓದಿ, ಎರಡು ಕಡೆ ಕಾಗುಣಿತ ತಿದ್ದಿ, ಬೀಗದ ಕೈ ತೆಗೆದುಕೊಂಡಳು.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ಮರುವರ್ಷ ಸಮವಸ್ತ್ರದ ಕೆಲಸ ಬಂದೇ ಬಂತು. ಅಷ್ಟರಲ್ಲಿ ರತ್ನಳ ಒಂದೂವರೆ ಪುಟ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ನಾನು ಎದ್ದು ಬೇಡ ಎಂದೆ. ರತ್ನಳೋ, ವರ್ಷವಿಡೀ ಆ ಹೆಂಗಸರ ಪಕ್ಕದಲ್ಲಿ ಕೂತು ಹೊಲಿಗೆ ಕಲಿಸಿದವಳು, ಅಕ್ಕಿ ಇನ್ನೂ ತುಟ್ಟಿಯಾಗಿದೆ, ಹೊಲಿಯೋಣ ಎಂದಳು. ನಾನು ಅವಳದೇ ಮಾತನ್ನು ಪುಸ್ತಕ ತೆಗೆದು ಓದಿದೆ. ಅವಳು, ಚೆನ್ನಾಗಿ ಬರೆದಿದ್ದೀಯ, ಆದರೂ ಒಪ್ಪುವುದಿಲ್ಲ ಎಂದಳು. ಎರಡು ಕೈಗಳ ಅಂತರದಲ್ಲಿ ನಾನು ಸೋತೆ. ನನ್ನ ವಿರೋಧವನ್ನು ನಾನೇ ಬರೆದುಕೊಳ್ಳಬೇಕಾಯಿತು. ಯಾಕೋಬರಿಗೆ ಹೇಳಿದಾಗ ಅವರು ನಗುತ್ತಾ ನಗುತ್ತಾ ಕನ್ನಡಕ ತೆಗೆದು ಒರೆಸಿದರು. ಈಗ ನಿಮಗೆ ಜೋಡಿ ಸಿಕ್ಕಿತು ಎಂದರು.

ಯುದ್ಧ ಮುಗಿದ ಮೇಲೆ ಅವರಿಗೆ ಒಂದು ಕಾಗದ ಬಂತು. ತಂಗಿಯನ್ನು ಮಿಕ್ಕ ಯಹೂದಿಗಳ ಜೊತೆ ಸೆರೆಶಿಬಿರದ ರೈಲು ಹತ್ತಿಸಿದ್ದು ಯಾವ ದಿನ ಎಂದಿತ್ತು, ಆಮೇಲಿನದು ಇರಲಿಲ್ಲ. ಆ ಶನಿವಾರ ಪಾಠವಿರುವುದಿಲ್ಲವೆಂದು ಗೊತ್ತಿದ್ದೂ ಹೋದೆ. ಇಬ್ಬರೂ ಪುಸ್ತಕದ ಮುಂದೆ ಕೂತಿದ್ದರು. ಹೆಸ್ಕೇಲ್ ಸಾಹೇಬರು ಓದುತ್ತಿದ್ದರು, ಯಾಕೋಬರು ನೆಲ ನೋಡುತ್ತಿದ್ದರು. ಸಾಹೇಬರು ಬೇಕೆಂದೇ ತಪ್ಪು ಓದುತ್ತಿದ್ದಾರೆ ಎಂದು ರಾಹೆಲಮ್ಮ ನನ್ನ ಕಿವಿಯಲ್ಲಿ ಹೇಳಿದರು. ಒಂದು ಸಾಲು ತಪ್ಪು, ಎರಡನೆಯದು ತಪ್ಪು. ಮೂರನೆಯದಕ್ಕೆ ಯಾಕೋಬರು ತಲೆಯೆತ್ತಿದರು. ಅದು ಹಾಗಲ್ಲ ಎಂದು ತಮ್ಮ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದರು. ಸಾಹೇಬರು ಒಪ್ಪಲಿಲ್ಲ. ಸ್ವಲ್ಪ ಹೊತ್ತಿಗೆ ಮೇಜಿನ ಸದ್ದು ಕೇಳಿಸಿತು. ರಾಹೆಲಮ್ಮ ಸೆರಗಿಲ್ಲದ ಫ್ರಾಕಿನ ಅಂಚಿನಲ್ಲೇ ಕಣ್ಣೊರೆಸಿಕೊಂಡರು.

ಕೆಲವು ವರ್ಷಗಳಲ್ಲಿ ಆ ಮನೆ ಖಾಲಿಯಾಯಿತು. ಯಾಕೋಬರು ದೂರದ ದೇಶದಲ್ಲಿದ್ದ ಸೋದರಳಿಯನ ಹತ್ತಿರ ಹೋದರು, ಸಾಹೇಬರ ಸಂಸಾರ ಇನ್ನೆಲ್ಲಿಗೋ. ಈಗ ಅಲ್ಲಿ ನಾಲ್ಕು ಮಹಡಿ ಎದ್ದಿದೆ.

ಇದನ್ನು ಬರೆಯಲು ಕೂತಾಗ ನಮ್ಮ ಬಡಾವಣೆಯ ಸಂಘದವರ ಅರ್ಜಿಯೊಂದು ನನ್ನ ಮೇಜಿನ ಮೇಲಿತ್ತು. ಪಾರ್ಕಿನ ಹಿಂದಿನ ಗೇಟನ್ನು ಮುಚ್ಚಬೇಕು, ಪಕ್ಕದ ಹಳ್ಳಿಯವರು ಅಲ್ಲಿಂದ ಓಡಾಡುತ್ತಾರೆ ಎಂದು. ಎಲ್ಲರ ಸಹಿ ಆಗಿದೆ ಅಜ್ಜಿ, ನಿಮ್ಮದೊಂದು ಬಿದ್ದರೆ ಮುಗೀತು ಎಂದು ಕಾರ್ಯದರ್ಶಿ ಹುಡುಗಿ ಕೊಟ್ಟುಹೋಗಿದ್ದಳು. ನಾನೂ ಹಾಕುವವಳೇ ಇದ್ದೆ. ಇವತ್ತು ಬೆಳಿಗ್ಗೆ ಅವಳು ಬಂದಾಗ, ಯಾರೂ ಬೇಡ ಅನ್ನಲಿಲ್ಲವೇ ಎಂದು ಕೇಳಿದೆ. ಕೊನೆಯ ಬೀದಿಯ ಬಾಡಿಗೆಯವರೊಬ್ಬರು ತಕರಾರು ಮಾಡುತ್ತಾರೆ, ಅವರದು ಯಾವಾಗಲೂ ಹಾಗೇ, ಸಹಿ ಕೇಳುವುದನ್ನೇ ಬಿಟ್ಟಿದ್ದೇವೆ ಎಂದಳು. ಅವರು ಏನು ಹೇಳುತ್ತಾರೆ ಎಂದರೆ ಅವಳಿಗೆ ಗೊತ್ತಿರಲಿಲ್ಲ.

ಕೊಡೆ ಹಿಡಿದು ನಡೆದುಕೊಂಡೇ ಹೋದೆ. ಬಾಗಿಲು ತೆಗೆದ ಮನುಷ್ಯನ ಮುಖ ನೋಡಿದರೆ ಸಂಘದವರ ಮಾತು ಪೂರ್ತಿ ಸುಳ್ಳಲ್ಲ ಎನಿಸಿತು. ಸಹಿಗೆ ಬಂದಿದ್ದೀರಾ ಎಂದು ಅಲ್ಲಿಂದಲೇ ಕೇಳಿದರು. ನೀವು ಯಾಕೆ ಬೇಡ ಅಂತೀರಿ, ಅದನ್ನು ಕೇಳಿಕೊಂಡು ಹೋಗೋಣ ಅಂತ ಬಂದೆ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕುರ್ಚಿಯ ಮೇಲಿದ್ದ ಪೇಪರುಗಳನ್ನು ಎತ್ತಿ ಪಕ್ಕಕ್ಕಿಟ್ಟರು.

"ಕೂತ್ಕೊಳ್ಳಿ, ಸ್ವಲ್ಪ ಹೊತ್ತಾಗತ್ತೆ," ಎಂದರು.

ನಾನು ಕೂತೆ.