ದಾರ್ಕಾ ಅವರ ಬಸ್ಸು ನಿಧಾನವಾದ ಚಳಿಗಾಲ

ವಿನಿಪೆಗ್ ನಗರದ ಬಸ್ ಚಾಲಕರ ಚರಿತ್ರೆಯನ್ನು ಮುಂದೊಂದು ದಿನ ಯಾರಾದರೂ ಬರೆಯಲು ಕುಳಿತರೆ, ಹಿಮ ಗಟ್ಟಿಯಾದ ರಸ್ತೆಯಲ್ಲಿ ಬಸ್ಸನ್ನು ಜಾರದಂತೆ ನಿಲ್ಲಿಸಿದ ಧೀರರ ಹೆಸರುಗಳು ಹತ್ತಾರು ಸಿಕ್ಕಾವು. ಆದರೆ ನಿಂತುಹೋದ ಬಸ್ಸಿನೊಳಗಿನ ಜನರನ್ನು ನಗಿಸಿದವರು, ಬಸ್ಸಿನವರನ್ನೂ ರೈಲಿನವರನ್ನೂ ಒಂದೇ ಮೇಜಿಗೆ ಕೂರಿಸಿ ಅವರ ಜಂಬ ಇಳಿಸಿದವರು ಯಾರೆಂದು ಹುಡುಕಿದರೆ ಶ್ರೀಮತಿ ದಾರ್ಕಾ ಬೊದ್ನಾರ್ ಅವರ ಹೆಸರೊಂದೇ ಸಿಕ್ಕೀತು. ಸುದೀರ್ಘ ಸೇವೆಯನ್ನು ಮುಗಿಸಿ ಅವರು ಈ ತಿಂಗಳು ಸ್ಟೀರಿಂಗ್ ಬಿಟ್ಟು ಇಳಿಯುತ್ತಿದ್ದಾರೆ. ಅವರಿಗಿಂತ ಒಂದು ವಾರ ತಡವಾಗಿ ಕೆಲಸಕ್ಕೆ ಸೇರಿದ ಪಾಪಕ್ಕೆ ಸೇವಾ ಹಿರಿತನದಲ್ಲಿ ಕೊನೆಯವರೆಗೂ ಎರಡನೆಯವನಾಗಿ ಉಳಿದ, ಕಥೆ ಹೇಳುವುದರಲ್ಲೂ ಎರಡನೆಯವನೇ ಆದ ವರ್ನನ್ ಫ್ಲೆಟ್ ಎಂಬ ನನಗೆ, ಅವರನ್ನು ಕುರಿತು ನಾಲ್ಕು ಮಾತು ಬರೆಯುವ ಅವಕಾಶ ಒದಗಿರುವುದು ಸಂತೋಷದ ಸಂಗತಿ. ಕೊಂಚ ಹೊಟ್ಟೆಕಿಚ್ಚಿನ ಸಂಗತಿಯೂ ಹೌದು.

ಈ ಸಂಪುಟದ ಸಂಪಾದಕಿ, ನಮ್ಮ ಡಿಪೊದಲ್ಲಿ ಹೊಸ ಚಾಲಕರಿಗೆ ತರಬೇತಿ ಕೊಡುವ ಶ್ರೀಮತಿ ನೆನಿತಾ ದಿಮಾನೊ ಅವರು ನನ್ನನ್ನು ಲೇಖನ ಕೇಳಿದ ಸುದ್ದಿ ದಾರ್ಕಾ ಅವರ ಕಿವಿಗೆ ಬಿದ್ದದ್ದೇ ತಡ, ಅವರು ನನ್ನನ್ನು ಅಡ್ಡಗಟ್ಟಿದರು. “ನೋಡು ವರ್ನನ್, ಏನು ಬೇಕಾದ್ರೂ ಬರಿ. ಆದ್ರೆ ಮೇಜಿನ ಕಟ್ಟಳೆ ಮುರೀಬೇಡ. ಹೊಗಳಿದ್ಯೋ, ಕಪ್ಪು ನೀನೇ ತೊಳೀಬೇಕು.” ಅಭಿನಂದನ ಗ್ರಂಥದಲ್ಲಿ ಅಭಿನಂದಿಸಲು ನಿಷೇಧವಿರುವ ಲೇಖಕ ಬಹುಶಃ ನಾನೊಬ್ಬನೇ ಇರಬೇಕು. ಆ ಕಟ್ಟಳೆ ಏನೆಂಬುದನ್ನು ಮೊದಲು ತಿಳಿಸಬೇಕಾಗಿದೆ.

ನಮ್ಮ ಡಿಪೊದ ಎದುರಿಗೆ, ರೈಲ್ವೆ ಗೇಟಿನ ಪಕ್ಕದಲ್ಲಿ, ಸ್ಟೆಫಾ ಎಂಬ ಮಹಾತಾಯಿಯ ಹೋಟೆಲಿದೆ. ಬೆಳಗಿನ ಪಾಳಿ ಮುಗಿಸಿದ ಬಸ್ಸಿನವರು ಅಲ್ಲಿಗೆ ಬರುತ್ತೇವೆ. ಗೂಡ್ಸ್ ರೈಲು ಓಡಿಸುವವರೂ ಯಾರ್ಡಿನಿಂದ ಹಳಿ ದಾಟಿ ಬರುತ್ತಾರೆ. ಕಿಟಕಿ ಪಕ್ಕದ ಉದ್ದನೆಯ ಮೇಜು ನಮ್ಮದು. ದಾರ್ಕಾ ಅವರು ಸೇರಿದ ಕಾಲಕ್ಕೆ ನಮ್ಮಲ್ಲಿ ಹೆಂಗಸರು ಬೆರಳೆಣಿಕೆಯಷ್ಟು ಇದ್ದರು, ಆ ಮೇಜಿನಲ್ಲಂತೂ ಒಬ್ಬರೂ ಇರಲಿಲ್ಲ. ಅಲ್ಲಿ ಹೇಳುತ್ತಿದ್ದದ್ದೆಲ್ಲ ಪರಾಕ್ರಮದ ಕಥೆಗಳು. ಒಬ್ಬ ಹಿಮಗಾಳಿಯಲ್ಲಿ ಕಣ್ಣು ಮುಚ್ಚಿಕೊಂಡೇ ಸೇತುವೆ ದಾಟಿಸಿದ್ದನಂತೆ, ಇನ್ನೊಬ್ಬ ಕುಡುಕನನ್ನು ಬರೀ ಕಣ್ಣಿನಿಂದಲೇ ಬಸ್ಸಿಳಿಸಿದ್ದನಂತೆ. ಇಂಥ ಕಥೆಗಳಲ್ಲಿ ಹೆಚ್ಚಿನವು ನನ್ನವೇ ಆಗಿದ್ದವೆಂದು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ.

ದಾರ್ಕಾ ಅವರು ಕೆಲವು ದಿನ ಸುಮ್ಮನೆ ಕೂತು, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ತಿನ್ನುತ್ತ ಕೇಳಿದರು. ಒಂದು ದಿನ, ನಾನು ನನ್ನ ಕಥೆಯ ಸೇತುವೆಯ ಮಧ್ಯದಲ್ಲಿದ್ದಾಗಲೇ, ತಟ್ಟೆ ಸರಿಸಿ ಬಾಯಿಬಿಟ್ಟರು.

“ನನ್ನದೂ ಒಂದಿದೆ. ಎರಡು ಚಳಿಗಾಲ ಆಸ್ಪತ್ರೆ ರೂಟಲ್ಲಿ ಓಡಿಸಿದ್ನಲ್ಲ, ಮೊನ್ನೆ ಹೊಸ ರೂಟು ಸಿಕ್ತು. ನೇರ ಹೋಗಬೇಕು. ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ತಿರುಗಿಸೇ ಬಿಡ್ತು. ಬಸ್ಸು ತುಂಬ ಜನ. ನಮ್ಮೂರಿನ ಜನ ಮರ್ಯಾದಸ್ಥರು ನೋಡಿ, ಒಬ್ಬರೂ ತುಟಿ ಪಿಟಕ್ ಅನ್ನಲಿಲ್ಲ. ಆಸ್ಪತ್ರೆ ಬಾಗಿಲಲ್ಲಿ ನಿಲ್ಲಿಸಿದೆ. ಆಗ ಮುಂದಿನ ಸೀಟಿನ ಮುದುಕಪ್ಪ ಮೆತ್ತಗೆ ಕೇಳಿದ: ‘ಏನಮ್ಮಾ, ನಮ್ಮನ್ನು ನೋಡಿದ್ರೆ ಅಷ್ಟು ಹುಷಾರಿಲ್ಲದವರ ಥರ ಕಾಣ್ತೀವಾ?’”

ಅಭ್ಯಾಸಬಲದಿಂದ ಹಳೆಯ ರೂಟಿಗೆ ತಿರುಗಿಬಿಡುವುದು ನಮ್ಮ ವೃತ್ತಿಯವರೆಲ್ಲ ಮಾಡಿರುವ, ಮಾಡಿ ಮುಚ್ಚಿಟ್ಟುಕೊಂಡಿರುವ ತಪ್ಪು. ಅದನ್ನು ಹೀಗೆ ಹಾಡಹಗಲಿನಲ್ಲಿ ಯಾರೂ ಹೇಳಿರಲಿಲ್ಲ. ಮೊದಲು ನಕ್ಕವರು ಗೂಡ್ಸ್ ರೈಲಿನ ಚಾಲಕರಾದ ಲೈಲ್ ದೆಜಾರ್ಲೆ. ಅವರ ಹಿಂದೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ, ಸೇತುವೆಯ ಮಧ್ಯದಲ್ಲಿದ್ದ ನನ್ನ ಬಸ್ಸು ಮಾತ್ರ ಈವತ್ತಿಗೂ ಆಚೆ ದಡ ಸೇರಿಲ್ಲ. ಅಂದಿನಿಂದ ಕಟ್ಟಳೆ ಹುಟ್ಟಿತು: ಈ ಮೇಜಿನಲ್ಲಿ ಹೇಳುವ ಕಥೆ ನಡೆದದ್ದೇ ಆಗಿರಬೇಕು, ಅದರಲ್ಲಿ ಪೆಚ್ಚಾಗುವವರು ಹೇಳುವವರೇ ಆಗಿರಬೇಕು. ತಾವು ಗೆದ್ದ ಕಥೆ ಹೇಳಿದವರು ಎಲ್ಲರ ಕಪ್ಪು ತೊಳೆಯಬೇಕು. ಸ್ಟೆಫಾಗೆ ಈ ಕಟ್ಟಳೆ ಬಹಳ ಹಿಡಿಸಿತು. ಆ ವರ್ಷವೆಲ್ಲ ಆಕೆ ನನ್ನನ್ನು ತೀರಾ ಅಕ್ಕರೆಯಿಂದ ಬರಮಾಡಿಕೊಳ್ಳುತ್ತಿದ್ದಳು.

ಮುಂದಿನ ವರ್ಷಗಳಲ್ಲಿ ದಾರ್ಕಾ ಅವರ ಕೀರ್ತಿ ಮೇಜಿನಿಂದ ಬಸ್ಸಿಗೂ ಹರಡಿತು. ನಮ್ಮ ಗೇಟಿನಲ್ಲಿ ಗೋಧಿಯ ಗೂಡ್ಸ್ ಅಡ್ಡ ನಿಂತರೆ ಯಾವಾಗ ಹೊರಟೀತೆಂದು ಹೇಳುವವರಿಲ್ಲ. ಬೇರೆ ಬಸ್ಸುಗಳಲ್ಲಿ ಜನ ಗಡಿಯಾರ ನೋಡಿ ಗೊಣಗುತ್ತಿದ್ದರೆ, ಅವರ ಬಸ್ಸಿನಲ್ಲಿ ಮೈಕು ಹಿಡಿದ ದಾರ್ಕಾ ಅವರು ಆಸ್ಪತ್ರೆಯ ಮುದುಕಪ್ಪನ ಕಥೆಯನ್ನು ಹೊಸ ಹೊಸ ಸೇರ್ಪಡೆಗಳೊಂದಿಗೆ ಹೇಳುತ್ತಿದ್ದರು. ಮಧ್ಯಾಹ್ನ ಮೇಜಿನಲ್ಲಿ ಲೈಲ್ ಅವರಿಗೆ ಪೂಜೆ ಆಗುತ್ತಿತ್ತು.

“ಅಲ್ಲಯ್ಯಾ ಲೈಲ್, ನಿನ್ನ ರೈಲಿಗೆ ಬಾಲ ಅನ್ನೋದೇ ಇಲ್ವಾ? ನೋಡ್ತಾನೇ ಇದ್ದೀವಿ, ಮುಗಿಯೋದೇ ಇಲ್ಲ.”

“ನಿನ್ನ ಕಥೆ ಮುಗೀಲಿ ಅಂತ ನಿಲ್ಲಿಸ್ಕೊಂಡಿದ್ದೆ ತಾಯಿ. ಅದೂ ಮುಗಿಯೋದಿಲ್ಲ.”

ಇಷ್ಟರವರೆಗೆ ಬರೆದದ್ದರಲ್ಲಿ ಕಟ್ಟಳೆಗೆ ಭಂಗ ಬಂದಿಲ್ಲವೆಂದು ನಂಬಿದ್ದೇನೆ. ಇನ್ನು ಬರೆಯುವುದಕ್ಕೆ ಆ ಭರವಸೆ ಕೊಡಲಾರೆ.

ನೆನಿತಾ ಅವರು ನಮ್ಮಲ್ಲಿಗೆ ಬಂದದ್ದು ಒಂದು ಕಡು ಚಳಿಗಾಲದ ಆರಂಭದಲ್ಲಿ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದವರು ಅದನ್ನು ಬಿಟ್ಟು ಚಾಲಕಿಯಾಗಿ ಸೇರಿದ್ದರು. ಗಂಡ ಮತ್ತು ಇಬ್ಬರು ಹೆಣ್ಣುಮಕ್ಕಳು ಫಿಲಿಪೀನ್ಸಿನ ಇಲೊಯಿಲೊದಲ್ಲಿದ್ದರು. ಪರೀಕ್ಷಾವಧಿ ಮುಗಿದು ಕೆಲಸ ಕಾಯಂ ಆದರೆ ಅವರನ್ನು ಕರೆಸಿಕೊಳ್ಳಬಹುದು. ಕೆಲಸ ಹೋದರೆ ಎಲ್ಲವೂ ಮತ್ತೆ ಮೊದಲಿನಿಂದ. ಈ ವಿಷಯ ನಮಗೆಲ್ಲ ಗೊತ್ತಿತ್ತು. ಏಕೆಂದರೆ ಸಣ್ಣ ಮಗಳು ಅಮ್ಮನ ಮುಖವನ್ನು ಫೋನಿನಲ್ಲಲ್ಲದೆ ನೋಡಿ ಬಹಳ ಕಾಲವಾಗಿದೆಯೆಂದು ಅವರು ಒಮ್ಮೆ ಹೇಳಿ, ಕೂಡಲೇ ಮಾತು ಬದಲಿಸಿದ್ದರು.

ಸ್ವತಂತ್ರವಾಗಿ ಬಸ್ ಕೈಗೆ ಬಂದ ಮೊದಲ ವಾರವೇ ಅವರ ಕೈಯೂ ತಿರುಗಿಸಿಬಿಟ್ಟಿತು. ತರಬೇತಿಯಲ್ಲಿ ರೂಢಿಯಾಗಿದ್ದ ರೂಟಿನ ತಿರುವು ಅದು. ಅಲ್ಲಿ ಬೀದಿ ಕಿರಿದು, ಎರಡೂ ಕಡೆ ಹಿಮದ ಗುಡ್ಡೆ. ಅವರದೋ ನಡುವೆ ಮಡಚುವ ಉದ್ದನೆಯ ಬಸ್. ಮುಂದೆ ಹೋಗದು, ಹಿಂದೆ ಬರದು. ಜನ ಬೈದುಕೊಂಡು ಇಳಿದು ನಡೆದರು, ಮೇಲ್ವಿಚಾರಕರು ಬಂದು ಬಸ್ಸನ್ನು ಹಿಂದಕ್ಕೆ ತೆಗೆಸಿದರು. ಮಧ್ಯಾಹ್ನ ನೆನಿತಾ ಅವರು ಹೋಟೆಲಿಗೆ ಬಂದರು, ಕೂರಲಿಲ್ಲ. ಕೊರಳಿನ ಗುರುತಿನ ಬಿಲ್ಲೆಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದರು.

“ಆಫೀಸಿಗೆ ಇದನ್ನ ಕೊಟ್ಟು ಹೋಗ್ತೀನಿ, ಆತೇ,” ಎಂದರು. ಅವರ ಕಡೆ ಅಕ್ಕನನ್ನು ಹಾಗೆ ಕರೆಯುತ್ತಾರೆ. “ಅವರು ಕಳಿಸೋಕೆ ಮುಂಚೆ ನಾನೇ ಹೋಗೋದು ಒಳ್ಳೇದು.”

“ಕೊಡುವಿಯಂತೆ. ಆಫೀಸು ಎಲ್ಲೂ ಓಡಿಹೋಗಲ್ಲ. ಕೂತ್ಕೋ, ಕಾಫಿ ಆರುತ್ತೆ,” ಎಂದ ದಾರ್ಕಾ ಅವರು ಆಸ್ಪತ್ರೆಯ ಕಥೆ ಶುರುಮಾಡಿದರು. ನೂರು ಸಲ ಕೇಳಿದ ಆ ಕಥೆಯನ್ನು ನಾವು ಅಂದು ಮೊದಲ ಸಲ ಕೇಳುವವರಂತೆ ಕೇಳಿದೆವು. ಮುಗಿದ ಮೇಲೆ ಅವರು ಮೇಜಿನ ಸುತ್ತ ಕಣ್ಣು ಹಾಯಿಸಿದರು. ಅದರ ಅರ್ಥ ನಮಗಾಯಿತು.

ಮೊದಲು ಲೈಲ್ ಶುರುಮಾಡಿದರು. “ನಮಗೆ ಸ್ಟೀರಿಂಗೇ ಇಲ್ಲ ಅಂತ ಈ ಬಸ್ಸಿನವರು ಹಂಗಿಸ್ತಾರಮ್ಮ. ನಾನು ಸ್ಟೀರಿಂಗ್ ಇಲ್ಲದೇನೇ ದಾರಿ ತಪ್ಪಿದೋನು. ಗೋಧಿ ತುಂಬಿದ ವ್ಯಾಗನ್ ಎಳ್ಕೊಂಡು ಹೋಗು ಅಂದಿದ್ರು. ನಾನು ಪಕ್ಕದ ಹಳಿ ಮೇಲಿನ ಖಾಲಿ ವ್ಯಾಗನ್ ಸಿಕ್ಕಿಸ್ಕೊಂಡು ಹೊರಟೆ. ಏನು ಹಗುರ, ಏನು ಓಟ. ನಮ್ಮ ಇಂಜಿನ್ನು ಈವತ್ತು ಒಳ್ಳೆ ಹುರುಪಲ್ಲಿದೆ ಅಂತ ಬ್ರ್ಯಾಂಡನ್ ಊರು ಬರೋವರೆಗೂ ಹಾಡ್ಕೊಂಡು ಹೋದೆ.”

ನನ್ನ ಸರದಿ ಬಂತು. ಕೊನೆಯ ನಿಲ್ದಾಣದಲ್ಲಿ ಕಾಫಿ ಕೊಳ್ಳಲು ಇಳಿದವನು ತಿರುಗಿ ಬಂದು, ಪಕ್ಕದಲ್ಲಿ ನಿಂತಿದ್ದ ಬೇರೊಬ್ಬನ ಬಸ್ಸು ಹತ್ತಿ ಹೊರಟುಬಿಟ್ಟಿದ್ದನ್ನೂ, ನನ್ನ ಪ್ರಯಾಣಿಕರು ಚಾಲಕನಿಲ್ಲದ ಬಸ್ಸಿನಲ್ಲಿ ಶಿಸ್ತಾಗಿ ಕೂತೇ ಇದ್ದುದನ್ನೂ ಹೇಳಿದೆ. “ನಿಮಗೆ ಗೊತ್ತಾಗಿದ್ದು ಯಾವಾಗ?” ಎಂದು ನೆನಿತಾ ಕೇಳಿದರು. “ಸೀಟು ಬೆಚ್ಚಗಿತ್ತು. ನನ್ನದೇ ಅಂದ್ಕೊಂಡೆ. ಜೇಬಿಗೆ ಕೈ ಹಾಕಿದ್ರೆ ಕೋಟು ನನ್ನ ಮೈಮೇಲಿಲ್ಲ, ನನ್ನ ಬಸ್ಸಲ್ಲಿದೆ,” ಎಂದೆ. ಅವರು ನಗಲು ಶುರುಮಾಡಿದವರು ನಿಲ್ಲಿಸಲಾಗದೆ ಕೂತರು. ಸ್ವಲ್ಪ ಹೊತ್ತಿಗೆ ಅದು ಅಳುವಾಯಿತು, ಮತ್ತೆ ನಗುವಾಯಿತು. ಎದ್ದು ಹೋಗುವಾಗ ಬಿಲ್ಲೆ ಕೊರಳಿನಲ್ಲಿತ್ತು.

ಅಲ್ಲಿಗೆ ಎಲ್ಲ ಸುಖಾಂತವಾಯಿತೆಂದು ನಾನು ತಿಳಿದೆ. ದಾರ್ಕಾ ಅವರು ತಿಳಿಯಲಿಲ್ಲ. ಒಂದು ನಗು ಒಂದು ಮಧ್ಯಾಹ್ನಕ್ಕೆ ಸಾಕು, ಚಳಿಗಾಲಕ್ಕೆ ಸಾಲದು. ತುಂಬಿ ತುಳುಕುವ ಬಸ್ಸು, ತಪ್ಪುವ ಸಮಯ, ಬಾಗಿಲಲ್ಲಿ ಬೈಯುವ ಜನ, ಇವು ಮೂರೂ ಸೇರಿ ಹೊಸಬರ ಧೈರ್ಯ ಕೆಡಿಸುತ್ತವೆಂದು ಅವರು ಬಲ್ಲವರಾಗಿದ್ದರು.

ಕೆಲವೇ ದಿನಗಳಲ್ಲಿ ಪಾಳಿಯ ಆಯ್ಕೆ ಬಂತು. ನಮ್ಮಲ್ಲಿ ಸೇವೆಯಲ್ಲಿ ಹಿರಿಯರಾದವರು ಮೊದಲು ತಮಗೆ ಬೇಕಾದ ಪಾಳಿ ಆರಿಸಿಕೊಳ್ಳುತ್ತಾರೆ, ಉಳಿದದ್ದು ಉಳಿದವರಿಗೆ. ಆಗ ಅವರೇ ಮೊದಲನೆಯವರು. ವಿಮಾನ ನಿಲ್ದಾಣದ ಹಗಲು ಪಾಳಿ, ಶನಿವಾರ ಭಾನುವಾರ ರಜೆ, ಕೇಳಿದರೆ ಸಿಗುತ್ತಿತ್ತು. ಅವರು ಕೇಳಿದ್ದು, ಯಾರಿಗೂ ಬೇಡವಾಗಿ ಹೊಸಬರ ಪಾಲಿಗೇ ಉಳಿಯುವ ಉತ್ತರ ಭಾಗದ ಜನಜಂಗುಳಿಯ ರೂಟಿನ ತುಂಡು ಪಾಳಿ. ನಸುಕಿನಲ್ಲಿ ಒಂದಿಷ್ಟು, ಸಂಜೆ ಒಂದಿಷ್ಟು. ಕಾರಣ ಕೇಳಿದವರಿಗೆ, “ಈಚೆಗೆ ಬೆಳಗ್ಗೆ ನಿದ್ದೆ ಬರಲ್ಲ,” ಎಂದರು. ವಿಮಾನ ನಿಲ್ದಾಣದ ಪಾಳಿ ಎರಡನೆಯವನಾದ ನನ್ನ ಮಡಿಲಿಗೆ ಬಿತ್ತು. ಪಾಪ, ದಾರ್ಕಾಗೆ ವಯಸ್ಸಾಯಿತು ಎಂದು ಮನೆಯಲ್ಲಿ ಹೆಂಡತಿ ಮರ್ಲೀನಳಿಗೆ ಹೇಳಿ, ಬೆಚ್ಚಗೆ ಮಲಗಿದೆ.

ಆ ಚಳಿಗಾಲದಲ್ಲಿ ದಾರ್ಕಾ ಅವರ ಬಸ್ಸು ದಿನವೂ ತಡ. ಗಡಿಯಾರವನ್ನು ನಾಚಿಸುವಂತೆ ಓಡಿಸಿದವರು ಮೇಲ್ವಿಚಾರಕರಿಂದ ಮಾತು ಕೇಳಿಸಿಕೊಂಡರು. ನೆನಿತಾ ಇಲ್ಲದ ಒಂದು ದಿನ, ಮೇಜಿನಲ್ಲಿ ದಾರ್ಕಾ ಅವರನ್ನು ಆಮೆಯೆಂದು ಮೊದಲು ಕರೆದವನು ನಾನು. ಅವರೂ ನಮ್ಮೊಂದಿಗೆ ನಕ್ಕರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನೆನಿತಾ ಅವರು ಖುಷಿಯಾಗಿ ಕೂತು ಹೇಳಿದರು: “ಈ ಕೆಲಸ ಅಂದ್ಕೊಂಡಷ್ಟು ಕಷ್ಟ ಇಲ್ಲ ನೋಡಿ. ನನ್ನ ಮುಂದಿನ ಬಸ್ಸಿನವರು ಯಾರೋ ಗೊತ್ತಿಲ್ಲ, ಕತ್ತಲಲ್ಲಿ ಹಿಂದಿನ ದೀಪ ಬಿಟ್ಟು ಏನೂ ಕಾಣಲ್ಲ, ಬಲು ನಿಧಾನ ಪಾಪ. ಜನವೆಲ್ಲ ಅವರಿಗೇ ಹತ್ತಿಬಿಡ್ತಾರೆ. ನನಗೆ ಆರಾಮಾಗಿ ಓಡಿಸೋಕಾಗುತ್ತೆ.”

ಒಂದೇ ರೂಟಿನಲ್ಲಿ ಮುಂದಿನವರು ಅವಸರದಿಂದ ಓಡಿದರೆ ಬಿಟ್ಟುಹೋದ ಜನರೆಲ್ಲ ಹಿಂದಿನವರ ತಲೆಗೆ ಬರುತ್ತಾರೆ. ಮುಂದಿನವರು ನಿಂತು ನಿಂತು ಹೋದರೆ ಭಾರವೆಲ್ಲ ಅವರಿಗೆ, ಬೈಗುಳವೂ ಅವರಿಗೆ. ಇದು ನಮ್ಮಲ್ಲಿ ಎಲ್ಲರಿಗೂ ತಿಳಿದ ವಿಷಯ. ನೆನಿತಾ ಅವರದೂ ಉತ್ತರ ಭಾಗದ ಅದೇ ರೂಟು ಎಂಬುದು ನನಗೆ ಆಗ ಹೊಳೆಯಿತು. ನನ್ನ ಕೈಯ ಚಮಚ ನಿಂತಿತು. ನಾನು ದಾರ್ಕಾ ಅವರ ಕಡೆ ತಿರುಗಿ ಬಾಯಿ ತೆರೆದೆ.

“ಅಂಥವರೂ ಇರ್ತಾರೆ ಬಿಡು,” ಎಂದು ಅವರು ನೆನಿತಾಗೆ ಹೇಳಿದರು. ನನಗೆ, “ವರ್ನನ್, ಸಕ್ಕರೆ ಇತ್ತ ತಳ್ಳು,” ಎಂದರು. ಅವರು ಕಾಫಿಗೆ ಸಕ್ಕರೆ ಹಾಕಿಕೊಳ್ಳುವವರೇ ಅಲ್ಲ. ನಾನು ತಳ್ಳಿದೆ, ಬಾಯಿ ಮುಚ್ಚಿದೆ.

ನೆನಿತಾ ಅವರ ಕೆಲಸ ಕಾಯಂ ಆಯಿತು. ಆಮೇಲೆ ಒಂದು ಬೇಸಿಗೆಯ ದಿನ ಅವರ ಗಂಡ ಮತ್ತು ಮಕ್ಕಳು ವಿಮಾನದಿಂದಿಳಿದು, ಅಮ್ಮನನ್ನು ಬಿಗಿಯಾಗಿ ಹಿಡಿದುಕೊಂಡೇ ಹತ್ತಿದ್ದು ನನ್ನ ಬಸ್ಸಿಗೆ; ದಾರ್ಕಾ ಅವರು ಬಿಟ್ಟುಕೊಟ್ಟು ಮತ್ತೆಂದೂ ಕೇಳದ ಅದೇ ಪಾಳಿಯ ಬಸ್ಸಿಗೆ. “ಅಮ್ಮಾ, ನೀನೂ ಇಷ್ಟು ದೊಡ್ಡದು ಓಡಿಸ್ತೀಯಾ?” ಎಂದು ಸಣ್ಣವಳು ಕೇಳಿದಳು. “ಇದೇನು ಮಹಾ. ನನ್ನದು ಇನ್ನೂ ಉದ್ದ, ನಡುವೆ ಮಡಚುತ್ತೆ,” ಎಂದರು ನೆನಿತಾ. ಕನ್ನಡಿಯಲ್ಲಿ ಅವರನ್ನು ನೋಡುತ್ತ ನನಗೆ ರಸ್ತೆ ಮಂಜಾಯಿತು. ಆ ಸಂತೋಷದ ಅರ್ಧ ಯಾರದೆಂದು ಆ ಬಸ್ಸಿನಲ್ಲಿ ಬಲ್ಲವನು ನಾನೊಬ್ಬನೇ.

ಸಂಪಾದಕಿಯವರೇ, ನಿಮ್ಮ ಮುಂದಿನ ಬಸ್ಸಿನ ಆ ನಿಧಾನದ ಚಾಲಕರು ಯಾರೆಂದು ಇಷ್ಟು ವರ್ಷ ನಿಮಗೆ ಹೇಳದೆ ಇದ್ದದ್ದಕ್ಕೆ ಕ್ಷಮೆಯಿರಲಿ. ಈ ಭಾಗವನ್ನು ದಯವಿಟ್ಟು ಕತ್ತರಿಸಬೇಡಿ. ನಿಮ್ಮ ನಂತರ ಬಂದ ಎಷ್ಟೋ ಹೊಸಬರ ಮುಂದೆಯೂ ಅದೇ ಬಸ್ಸು ಓಡಿದೆ. ಕಟ್ಟಳೆ ಮುರಿದಿದ್ದೇನೆ, ಕಪ್ಪು ತೊಳೆಯಲು ಸಿದ್ಧನಿದ್ದೇನೆ. ಈ ಕಥೆಯಲ್ಲಿ ಪೆಚ್ಚಾದವನು ಹೇಗೂ ನಾನೇ ಎಂಬುದನ್ನು ಮೇಜು ಪರಿಗಣಿಸಬೇಕೆಂದು ಕೋರುತ್ತೇನೆ.

ದಾರ್ಕಾ ಅವರೇ, ತಾವು ಆರೋಗ್ಯವಂತರಾಗಿ ಬಹುಕಾಲ ಬಾಳಬೇಕು. ಬಸ್ಸಿನಿಂದ ಇಳಿದರೂ ಮೇಜಿನಿಂದ ಏಳಕೂಡದು. ಲೈಲ್ ಅವರ ರೈಲಿಗೆ ಬಾಲವಿಲ್ಲದಿರುವವರೆಗೂ ತಮ್ಮ ಕಥೆಗಳಿಗೂ ಕೊನೆಯಿಲ್ಲದಿರಲಿ. ತಾವು ಇಳಿದ ಕಾರಣ, ಮುಂದಿನ ಆಯ್ಕೆಯಲ್ಲಿ ಕೊನೆಗೂ ನಾನು ಮೊದಲನೆಯವನು. ಎಲ್ಲರೂ ನಾನು ವಿಮಾನ ನಿಲ್ದಾಣವನ್ನೇ ಕೇಳುತ್ತೇನೆಂದುಕೊಂಡಿದ್ದಾರೆ. ಉತ್ತರ ಭಾಗದ ರೂಟಿಗೆ ಹೊಸಬರೊಬ್ಬರು ಬಂದಿದ್ದಾರೆ, ಹಿಮ ಬೀಳುವಾಗಲೂ ಬೆವರುತ್ತಾರೆ. ಅವರ ಹೆಸರು ಬರೆಯುವುದಿಲ್ಲ, ಅವರೂ ಈ ಪುಸ್ತಕ ಓದಬಹುದು. ಸೂರ್ಯ ನೆತ್ತಿಗೆ ಬರುವವರೆಗೆ ಗೊರಕೆ ಹೊಡೆಯುವ ನಾನು, ಈಚೆಗೆ ಬೆಳಗ್ಗೆ ನಿದ್ದೆ ಬರುವುದಿಲ್ಲವೆಂದು ಮರ್ಲೀನಳಿಗೆ ಆಗಲೇ ಹೇಳಿಟ್ಟಿದ್ದೇನೆ. ತಮ್ಮಲ್ಲಿ ಒಂದೇ ಪ್ರಾರ್ಥನೆ: ಆ ಹೊಸಬರು ಒಂದು ದಿನ ಮೇಜಿಗೆ ಬಂದು, ತಮ್ಮ ಮುಂದಿನ ಬಸ್ಸಿನ ಆಮೆ ಯಾರೋ ಎಂದು ನಕ್ಕಾಗ, ಸಕ್ಕರೆ ತಳ್ಳಲು ತಾವು ನನ್ನ ಎದುರಿಗೇ ಕೂತಿರಬೇಕು.